ಕರೆಂಟ್ ಹೋಗಿ ಬಂದ ಮೇಲೆ ಇಎಸ್‌ಪಿ8266 (ವೈಫೈ ಇರುವ ಪುಟ್ಟ ಚಿಪ್) ರೀಡಿಂಗ್ ಕಳಿಸುವುದೇ ಇಲ್ಲ. ಎಚ್‌ಟಿಟಿಪಿ ಬಿಟ್ಟು ಡೇಟಾ ಕಳಿಸುವ ಇನ್ನೊಂದು ವಿಧಾನವಾದ ಎಂಕ್ಯೂಟಿಟಿಗೆ ಹೋಗಲಾ?

ಬ್ಯಾಟರಿ ಮೇಲೆ ಓಡುವ ಇಎಸ್‌ಪಿ8266, ಡಿಎಚ್‌ಟಿ22 ಎಂಬ ತಾಪಮಾನ-ತೇವ ಅಳೆಯುವ ಸೆನ್ಸರ್, ರೀಡಿಂಗ್ ಕೂಡಿಟ್ಟು ತೋರಿಸುವ ಜಾಲತಾಣ ಥಿಂಗ್‌ಸ್ಪೀಕ್. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ಆಳಂದ ತಾಲ್ಲೂಕಿನ ನಮ್ಮ ಗೋದಾಮು ಕಣ್ಣ ಮುಂದೆ ಬಂತು. ಎಂಕ್ಯೂಟಿಟಿಗೆ ಹೋಗಬೇಡಿ. ತೊಂದರೆ ಇರುವುದು ಅಲ್ಲಿ ಅಲ್ಲ.

ನಾನು ಕಲಬುರಗಿಯಲ್ಲಿ ಕೆಲಸದಲ್ಲಿದ್ದೇನೆ, ಅಪ್ಪ ಊರಲ್ಲಿ. ಆ ವರ್ಷ ಜನವರಿಯಲ್ಲಿ ರಾಶಿ ಮಾಡಿದ ತೊಗರಿಯನ್ನು ಅಪ್ಪ ಮಾರಲಿಲ್ಲ. ದರ ಏರಲಿ ಎಂದು ಇಟ್ಟುಕೊಂಡರು. ಮಳೆಗಾಲ ಬಂತು. ಗಾಳಿಯ ತೇವ 70% ದಾಟಿ ಹಾಗೇ ನಿಂತರೆ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಸೆನ್ಸರ್ ಇಟ್ಟೆ. ಚಿಪ್ 15 ನಿಮಿಷಕ್ಕೊಮ್ಮೆ ಎದ್ದು, ಓದಿ, ಕಳಿಸಿ, ಬ್ಯಾಟರಿ ಉಳಿಸುವ ಗಾಢ ನಿದ್ರೆಗೆ, ಅಂದರೆ ಡೀಪ್ ಸ್ಲೀಪ್‌ಗೆ ಹೋಗಬೇಕು. ಡಿ0 ಪಿನ್‌ನಿಂದ ರೀಸೆಟ್‌ಗೆ ತಂತಿ ಹಾಕಿದ್ದೆ, ಅದಿಲ್ಲದಿದ್ದರೆ ಚಿಪ್ ಏಳುವುದೇ ಇಲ್ಲ. ಎಲ್ಲ ಸರಿಯಾಗೇ ನಡೆದಿತ್ತು.

ಒಂದು ರಾತ್ರಿ ಬಿರುಗಾಳಿಗೆ ಊರಿನ ಕಂಬ ಬಿತ್ತು. ಎರಡು ದಿನ ಕರೆಂಟ್ ಇಲ್ಲ. ರೂಟರ್ ಬಂದ್. ಚಿಪ್‌ಗೆ ಬರೆದ ನನ್ನ ಕೋಡ್‌ನಲ್ಲಿ ಎಲ್ಲ ಉದಾಹರಣೆಗಳಲ್ಲೂ ಸಿಗುವ ಆ ಸಾಲು ಇತ್ತು: ವೈಫೈ ಸಿಗುವ ತನಕ ವೈಲ್ ಲೂಪ್‌ನಲ್ಲಿ ಕಾಯುತ್ತಿರು, ಅರ್ಧ ಸೆಕೆಂಡಿಗೊಂದು ಚುಕ್ಕೆ ಪ್ರಿಂಟ್ ಮಾಡು. ಎಷ್ಟು ಹೊತ್ತು ಕಾಯಬೇಕು ಎಂದು ಅದರಲ್ಲಿ ಎಲ್ಲೂ ಹೇಳಿಲ್ಲ. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ವೈಫೈ ಮೂರು ಸೆಕೆಂಡಿಗೇ ಸಿಗುತ್ತದೆ, ಅದಕ್ಕೇ ಇದು ಗೊತ್ತಾಗುವುದಿಲ್ಲ. ರೂಟರ್ ಇಲ್ಲದಾಗ ಮಾತ್ರ ಚಿಪ್ ಅಲ್ಲೇ ಕೂತುಬಿಡುತ್ತದೆ. ಮುಂದಿನ ಸಾಲಿಗೆ ಹೋಗಲ್ಲ, ಮಲಗುವ ಸಾಲಿಗಂತೂ ತಲುಪುವುದೇ ಇಲ್ಲ.

ಲೆಕ್ಕ ಹಾಕಿ ನೋಡಿ. ಮಲಗಿದಾಗ ಈ ಚಿಪ್ ಎಳೆಯುವುದು ಸುಮಾರು 20 ಮೈಕ್ರೋಆಂಪ್. ವೈಫೈ ಆನ್ ಇದ್ದಾಗ 70-80 ಮಿಲಿಆಂಪ್. ನನ್ನ 18650 ಸೆಲ್ 2600 ಎಂಎಎಚ್‌ದು. ತಿಂಗಳುಗಟ್ಟಲೆ ಬರಬೇಕಾದದ್ದು ಒಂದೂವರೆ ದಿನಕ್ಕೆ ಖಾಲಿ. ಕರೆಂಟ್ ಬಂತು, ರೂಟರ್ ಎದ್ದಿತು. ಕಳಿಸಬೇಕಾದ ಚಿಪ್ ಅಷ್ಟರಲ್ಲಿ ಸತ್ತಿತ್ತು.

ಇಷ್ಟೇ ಆಗಿದ್ದರೆ ಸೆಲ್ ಬದಲಿಸಿ ಸುಮ್ಮನಾಗುತ್ತಿದ್ದೆ. ನಾನು ಮೊಬೈಲ್‌ನಲ್ಲಿ ನೋಡುತ್ತಿದ್ದದ್ದು ಥಿಂಗ್‌ಸ್ಪೀಕ್‌ನ ಗೇಜ್ (ಅಂಕಿ ತೋರಿಸುವ ಮೀಟರ್) ಒಂದನ್ನೇ. ಹೊಸ ರೀಡಿಂಗ್ ಬರದಿದ್ದರೆ ಗೇಜ್ ಹಳೆಯ ಅಂಕಿಯನ್ನೇ ತೋರಿಸುತ್ತಿರುತ್ತದೆ. ಅಪ್ಪ ದಿನಾ ಸಂಜೆ ಫೋನ್ ಮಾಡಿ "ತೇವ ಎಷ್ಟ್ ತೋರಸ್ಲಾಕತ್ತದಪ್ಪಾ?" ಎಂದು ಕೇಳುತ್ತಿದ್ದರು. "ಐವತ್ತೆಂಟೇ ಅದ, ಚಿಂತಿ ಮಾಡಬ್ಯಾಡ್ರಿ" ಅನ್ನುತ್ತಿದ್ದೆ. ಹನ್ನೊಂದು ದಿನ ಹಾಗೇ ಹೇಳಿದೆ. ಅದೇ ಗಾಳಿಗೆ ಗೋದಾಮಿನ ತಗಡು ಸಂದು ಬಿಟ್ಟು ನೀರು ಇಳಿಯುತ್ತಿತ್ತು. ಕೆಳಗಿನ ಸಾಲಿನ ಆರು ಚೀಲ ಬೂಷ್ಟು ಹಿಡಿದವು. ನನ್ನ ಮಾತು ನಂಬಿ ಅಪ್ಪ ಗೋದಾಮಿನ ಬಾಗಿಲು ತೆರೆದಿರಲಿಲ್ಲ. ಅದು ಈಗಲೂ ನೋಯುತ್ತದೆ.

ಈಗ ನಿಮ್ಮ ಎಂಕ್ಯೂಟಿಟಿ ವಿಷಯ. ಅದೂ ಇದೇ ವೈಫೈ ಮೇಲೇ ಹೋಗಬೇಕು, ಅಲ್ವಾ? ಅದೇ ವೈಲ್ ಸಾಲು ಅಲ್ಲೂ ಇರುತ್ತದೆ. ಎಂಕ್ಯೂಟಿಟಿಯ ಲಾಭ ಸಂಪರ್ಕವನ್ನು ತೆರೆದೇ ಇಟ್ಟುಕೊಳ್ಳುವುದರಲ್ಲಿದೆ. ಕಾಲು ಗಂಟೆಗೊಮ್ಮೆ ಎದ್ದು ಮಲಗುವ ಸಾಧನಕ್ಕೆ ಅದರಿಂದ ಹೆಚ್ಚೇನೂ ಸಿಗಲ್ಲ. ಒಂದು ಎಚ್‌ಟಿಟಿಪಿ ರಿಕ್ವೆಸ್ಟ್ ಸಾಕು.

ಕಾಯುವುದಕ್ಕೆ ಮಿತಿ ಹಾಕಿ. ನಾನು 20 ಸೆಕೆಂಡ್ ಇಟ್ಟಿದ್ದೇನೆ. ಸಿಗಲಿಲ್ಲವೆಂದರೆ ರೀಡಿಂಗ್ ಅನ್ನು ಆರ್‌ಟಿಸಿ ಮೆಮೊರಿಯಲ್ಲಿ ಬರೆದು ಮಲಗಿಬಿಡಲಿ. ಡೀಪ್ ಸ್ಲೀಪ್‌ನಲ್ಲೂ ಅಳಿಯದ 512 ಬೈಟ್ ಜಾಗ ಅಲ್ಲಿದೆ. ತಾಪಮಾನ, ತೇವ ಎರಡನ್ನೂ ಹತ್ತರಿಂದ ಗುಣಿಸಿ ಪೂರ್ಣಾಂಕ ಮಾಡಿಕೊಂಡರೆ ಒಂದು ರೀಡಿಂಗ್‌ಗೆ 4 ಬೈಟ್. ನೂರು ರೀಡಿಂಗ್, ಅಂದರೆ ಪೂರ್ತಿ ಒಂದು ದಿನದ್ದು ಹಿಡಿಸುತ್ತದೆ. ರೂಟರ್ ಬಂದ ಮೇಲೆ ಥಿಂಗ್‌ಸ್ಪೀಕ್‌ನ ಬಲ್ಕ್ ಅಪ್‌ಡೇಟ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಕಳಿಸಿ. ಒಂದೊಂದಾಗಿ ಕಳಿಸಲು ಹೋದರೆ ಉಚಿತ ಖಾತೆಯಲ್ಲಿ ನಡುವೆ 15 ಸೆಕೆಂಡ್ ಬಿಡಬೇಕು, ಅಷ್ಟೂ ಹೊತ್ತು ಬ್ಯಾಟರಿ ಸುಡುತ್ತದೆ. ಡಿಎಚ್‌ಟಿ22 ಕೆಲವೊಮ್ಮೆ ಅಂಕಿಯ ಬದಲು ನ್ಯಾನ್ (‘ಇದು ಅಂಕಿಯಲ್ಲ’ ಎಂಬ ಗುರುತು) ಕೊಡುತ್ತದೆ. ಅದನ್ನು ಕಳಿಸದೆ ಎರಡು ಸೆಕೆಂಡ್ ಬಿಟ್ಟು ಮತ್ತೆ ಓದಿಸಿ.

ಥಿಂಗ್‌ಸ್ಪೀಕ್‌ನ ರಿಯಾಕ್ಟ್ ಎಂಬ ಆಪ್‌ನಲ್ಲಿ ರೀಡಿಂಗ್ ಬರದೇ ಹೋದರೆ ಎಚ್ಚರಿಸುವ ಷರತ್ತು ಇದೆ. ಇದನ್ನು ಇವತ್ತೇ ಹಾಕಿ, ಕೋಡ್ ತಿದ್ದುವುದು ನಾಳೆಯಾದರೂ ನಡೆಯುತ್ತದೆ. ಗೇಜ್ ಪಕ್ಕ ಕೊನೆಯ ರೀಡಿಂಗ್‌ನ ಸಮಯವೂ ಕಾಣಬೇಕು. ನಮ್ಮಪ್ಪ ಈಗ ಮೊದಲು ಕೇಳುವುದೇ "ಎಷ್ಟ್ ಗಂಟೀದು?" ಎಂದು, ಆಮೇಲೆ ತೇವ.

ಎಲ್ಲ ಆದ ಮೇಲೆ ರೂಟರ್ ಪ್ಲಗ್ ಕಿತ್ತು ಎರಡು ದಿನ ಹಾಗೇ ಬಿಡಿ. ಮೂರನೇ ದಿನ ಪ್ಲಗ್ ಹಾಕಿ ಅರ್ಧ ಗಂಟೆ ಕಾಯಿರಿ. ರೀಡಿಂಗ್ ತಾನಾಗೇ ಬಂದರೆ ಮಾತ್ರ ಗೋದಾಮಿನಲ್ಲಿ ಇಡಿ.