ಸಂಪಾದಕರ ಉತ್ತರ: ಆರು ಗಂಟೆಗೆ ಗೇಟು ಹಾಕಿದರೆ ಸಾಕೇ, ಮಾಸ್ತರರೇ?

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಿವೃತ್ತ ಕನ್ನಡ ಮಾಸ್ತರರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಅವರ ಮೊಮ್ಮಗಳು ಪ್ಲಸ್ ಟು ಮುಗಿಸಿ ಮಂಗಳೂರು ಕಡೆಯ ಕಾಲೇಜಿಗೆ ಹೊರಟಿದ್ದಾಳೆ. ಪೇಪರಿನಲ್ಲಿ ಕ್ಯಾಂಪಸ್ಸಿನ ಸುದ್ದಿಗಳನ್ನು ಓದಿ ಓದಿ ಅಜ್ಜನಿಗೆ ನಿದ್ದೆಯಿಲ್ಲ. ಅವರು ಕೇಳುವುದು ಇಷ್ಟು: ಸಂಜೆ ಆರಕ್ಕೆ ಗೇಟು ಹಾಕುವ ಹಾಸ್ಟೆಲ್ ಎಲ್ಲಿದೆ? ಏನಾದರೂ ಆದರೆ ದೂರು ಗೀರು ಎಂದು ಅಲೆಯುವುದಕ್ಕಿಂತ ಹುಡುಗಿಯನ್ನು ಸುಮ್ಮನೆ ಮನೆಗೆ ಕರೆತರುವುದು ಲೇಸಲ್ಲವೇ? ಸುಳ್ಳು ದೂರಿನಿಂದ ಹುಡುಗರ ಬಾಳು ಹಾಳಾಗುವುದನ್ನೂ ನಿಮ್ಮ ಪತ್ರಿಕೆ ಬರೆಯಬೇಡವೇ?

ಮಾಸ್ತರರೇ, ನಿಮ್ಮ ಕಾಗದದಲ್ಲಿ ಒಂದು ಒತ್ತಕ್ಷರ ತಪ್ಪಿಲ್ಲ. ಅಂಚು ಬಿಟ್ಟು, ದುಂಡಗೆ ಬರೆದಿದ್ದೀರಿ. ಈಗ ಹೀಗೆ ಬರೆಯುವವರು ಎಷ್ಟು ಜನ? ಆ ಸಲಿಗೆಯಿಂದಲೇ ಸ್ವಲ್ಪ ಗದರಿಸುತ್ತೇನೆ, ಬೇಸರಿಸಬೇಡಿ.

ಸುಳ್ಳು ದೂರಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ಸುಳ್ಳು ಹೇಳುವವರು ಎಲ್ಲ ಕಡೆಯೂ ಇದ್ದಾರೆ, ಒಪ್ಪಿದೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿಗೂ ಅದು ಗೊತ್ತು. ಆರೋಪ ಹೊತ್ತವನಿಗೆ ದೂರಿನ ಪ್ರತಿ ಸಿಗಬೇಕು, ಅವನ ಮಾತನ್ನೂ ಕೇಳಬೇಕು, ಬೇಕೆಂದೇ ಸುಳ್ಳು ಹೇಳಿದರೆ ಕ್ರಮ ಕೈಗೊಳ್ಳಬಹುದು ಎಂದು ಅದರಲ್ಲೇ ಇದೆ. ಅದರ ಬೆನ್ನಿಗೇ ಇನ್ನೊಂದು ಸಾಲೂ ಇದೆ: ಸಾಕ್ಷಿ ಸಾಲದೆ ದೂರು ಬಿದ್ದುಹೋದ ಮಾತ್ರಕ್ಕೆ ಕೊಟ್ಟವಳ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ. ಈ ಎರಡನೆಯ ಸಾಲನ್ನು ನಮ್ಮ ಚಾ ಅಂಗಡಿಗಳಲ್ಲಿ ಯಾರೂ ಓದಿ ಹೇಳಿದ್ದನ್ನು ನಾನು ಕೇಳಿಲ್ಲ.

ಇನ್ನು ಗೇಟು. ಕಿರುಕುಳ ಕತ್ತಲಾದ ಮೇಲೆ, ಗೇಟಿನ ಹೊರಗೆ, ಅಪರಿಚಿತನಿಂದಲೇ ಆಗುತ್ತದೆ ಎಂದು ನಿಮಗೆ ಯಾರು ಹೇಳಿದರು? ನನ್ನ ಬಳಿಗೆ ಬಂದ ಹುಡುಗಿಯರು ಹೇಳಿದ್ದು ಹಗಲಿನ ಕಥೆಗಳನ್ನು. ಲ್ಯಾಬಿನಲ್ಲಿ, ಪ್ರಾಜೆಕ್ಟಿಗೆ ಸಹಿ ಹಾಕಿಸಲು ಹೋದಾಗ, ಪ್ರವಾಸದ ಬಸ್ಸಿನಲ್ಲಿ, ಮೊನ್ನೆಯವರೆಗೆ ಜೊತೆಗೆ ಓಡಾಡಿದ ಗೆಳೆಯನಿಂದ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2015ರ ನಿಯಮಾವಳಿಯಲ್ಲಿ ಕ್ಯಾಂಪಸ್ ಎಂದರೆ ಹಾಸ್ಟೆಲ್ಲೂ ಹೌದು, ಕಾಲೇಜು ಬಸ್ಸೂ ಹೌದು, ಅಧ್ಯಯನ ಪ್ರವಾಸದ ಊರೂ ಹೌದು. ಸುರಕ್ಷೆಯ ನೆಪದಲ್ಲಿ ಹುಡುಗಿಯರ ಹಾಸ್ಟೆಲ್ಲಿಗೆ ಮಾತ್ರ ಬೇರೆ ಕಟ್ಟುಪಾಡು ಹಾಕಬಾರದು ಎಂದೂ ಅದೇ ನಿಯಮಾವಳಿ ಹೇಳುತ್ತದೆ. 2022ರಲ್ಲಿ ಕಲ್ಲಿಕೋಟೆ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು ಒಂಬತ್ತೂವರೆಯ ಗೇಟಿನ ವಿರುದ್ಧ ಕೇರಳ ಹೈಕೋರ್ಟಿಗೆ ಹೋದಾಗ, ಹೆಣ್ಣುಮಕ್ಕಳನ್ನೇ ಏಕೆ ಕೂಡಿಹಾಕಬೇಕು ಎಂದು ನ್ಯಾಯಾಲಯವೂ ಕೇಳಿತ್ತು. ನೀವಾದರೋ ಆರು ಗಂಟೆ ಎನ್ನುತ್ತೀರಿ!

ನೀವು ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ, ರಸಿಕರೆಂದು ಕಾಗದದಲ್ಲೇ ಬರೆದುಕೊಂಡಿದ್ದೀರಿ. ಹಾಗಾದರೆ ವಿರಾಟನ ಸಭೆ ನೆನಪಿರಬೇಕು. ರಾಣಿ ಸುದೇಷ್ಣೆಯೇ ಸೈರಂಧ್ರಿಯಾಗಿದ್ದ ದ್ರೌಪದಿಯನ್ನು ತನ್ನ ತಮ್ಮ ಕೀಚಕನ ಮನೆಗೆ ಕಳಿಸುತ್ತಾಳೆ. ತಪ್ಪಿಸಿಕೊಂಡು ಸಭೆಗೆ ಓಡಿಬಂದವಳನ್ನು ಕೀಚಕ ಎಲ್ಲರೆದುರೇ ಒದೆಯುತ್ತಾನೆ. ರಾಜ ಬಾಯಿ ಬಿಡುವುದಿಲ್ಲ; ಒದ್ದವನು ಸೇನಾಪತಿ, ಮೇಲಾಗಿ ಭಾವಮೈದುನ. ಕಂಕಭಟ್ಟನಾಗಿ ಕೂತ ಧರ್ಮರಾಯನೂ ಪಗಡೆಯಾಟಕ್ಕೆ ಅಡ್ಡಿಯಾಗಬೇಡ, ಒಳಗೆ ಹೋಗು ಎಂದುಬಿಡುತ್ತಾನೆ. ಒಂದು ಮಳೆಗಾಲದ ಕೂಟದಲ್ಲಿ ಸೈರಂಧ್ರಿಯ ಅರ್ಥ ಹೇಳಿದ ಹಿರಿಯರು ಈ ಮೌನವನ್ನೇ ಹಿಡಿದು ವಿರಾಟನ ಅರ್ಥಧಾರಿಯನ್ನು ಬೆವರಿಳಿಸಿದ್ದರು. ನಾವೆಲ್ಲ ಭೀಮ ಬಂದಾಗ ಚಪ್ಪಾಳೆ ತಟ್ಟುತ್ತೇವೆ. ಭೀಮ ಬರುವ ತನಕ ಕಾಯಬೇಕಾದದ್ದು ಯಾಕೆ ಎಂದು ಅವತ್ತು ಕೇಳಿದವರು ಆ ಹಿರಿಯರೊಬ್ಬರೇ. ಸುಮ್ಮನೆ ಮನೆಗೆ ಕರೆತರೋಣ ಎಂಬ ನಿಮ್ಮ ಮಾತು ಕಂಕಭಟ್ಟನ ಮಾತಿಗಿಂತ ಎಷ್ಟು ದೂರ ಇದೆ, ನೀವೇ ಹೇಳಿ.

ಮೊಮ್ಮಗಳಿಗೆ ಇರುವ ಹಕ್ಕು ಅಜ್ಜನಿಗೂ ತಿಳಿದಿರಲಿ. ಪ್ರತಿ ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಅಧ್ಯಕ್ಷೆ ಹೆಂಗಸು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರು, ಹೊರಗಿನವರೊಬ್ಬರು. ವಿದ್ಯಾರ್ಥಿಗಳ ಪ್ರಕರಣವಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳು. ರಿಜಿಸ್ಟ್ರಾರ್, ಡೀನ್, ವಿಭಾಗದ ಮುಖ್ಯಸ್ಥರಂಥವರು ಅದರಲ್ಲಿ ಕೂರುವಂತಿಲ್ಲ. ದೂರು ಮೂರು ತಿಂಗಳೊಳಗೆ ಕೊಡಬೇಕು. ತಡವಾದದ್ದಕ್ಕೆ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗಬಹುದು. ತನಿಖೆ 90 ದಿನದಲ್ಲಿ ಮುಗಿಯಬೇಕು. ಅಷ್ಟರವರೆಗೆ ಆರೋಪ ಹೊತ್ತ ಅಧ್ಯಾಪಕ ಅವಳ ಉತ್ತರ ಪತ್ರಿಕೆಯನ್ನು ಮುಟ್ಟದಂತೆ ತಡೆಯಬಹುದು, ಅವಳಿಗೆ ಮೂರು ತಿಂಗಳ ತನಕ ರಜೆ ಕೊಡಬಹುದು. ರಾಜಿ ಮಾತುಕತೆ ಅವಳು ಕೇಳಿದರೆ ಮಾತ್ರ, ಅದೂ ದುಡ್ಡಿನ ಮೇಲೆ ಅಲ್ಲ. ಈ ದಾರಿ ಹಿಡಿದಳೆಂದು ಪೊಲೀಸರ ದಾರಿ ಮುಚ್ಚುವುದಿಲ್ಲ. ಅಂದ ಹಾಗೆ, ಗಂಡು ವಿದ್ಯಾರ್ಥಿಗಳಿಗೂ ತೃತೀಯ ಲಿಂಗಿಗಳಿಗೂ ಇಂಥದ್ದು ಆಗುತ್ತದೆಂದು ಆ ನಿಯಮಾವಳಿ ಒಪ್ಪಿಕೊಂಡಿದೆ.

ಪ್ರೀತಿಸಿದವನೇ ಹೊಡೆದರೆ, ಫೋನಿನ ಪಾಸ್‌ವರ್ಡ್ ಕಿತ್ತುಕೊಂಡರೆ, ಬಿಟ್ಟುಹೋದರೆ ಫೋಟೋ ಹಾಕುತ್ತೇನೆ ಎಂದರೆ? ಇಂಥ ಮಾತು ಬಂದಾಗ ಮನೆಯವರು ಮೊದಲು ಕೇಳುವುದು ‘ಫೋಟೋ ತೆಗೆಯಲು ನೀನು ಯಾಕೆ ಬಿಟ್ಟೆ’ ಎಂದು. ಕಾನೂನು ಹಾಗೆ ಕೇಳುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅವಳು ಒಪ್ಪಿಯೇ ತೆಗೆದ ಖಾಸಗಿ ಚಿತ್ರವಾದರೂ ಅವಳ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹಂಚಿದರೆ ಅಪರಾಧ. ಬೇಡವೆಂದ ಮೇಲೂ ಹಿಂದೆ ಬೀಳುವುದು 78ನೇ ಕಲಂ. ಚಿತ್ರ ಹರಿದಾಡತೊಡಗಿದರೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು, ಯಾವ ಹೊತ್ತಿಗಾದರೂ ಮಹಿಳಾ ಸಹಾಯವಾಣಿ 181 ಇದೆ.

ನಮ್ಮ ಕೇರಳ-ಕರ್ನಾಟಕ ಗಡಿಯ ತಾಪತ್ರಯವೇ ಬೇರೆ. ಮಂಜೇಶ್ವರ, ಉಪ್ಪಳ, ಪೆರ್ಲದ ಮಕ್ಕಳು ಬೆಳಿಗ್ಗೆ ಬಸ್ಸು ಹತ್ತಿ ತಲಪಾಡಿ ದಾಟಿ ದೇರಳಕಟ್ಟೆಗೋ ಕೊಣಾಜೆಗೋ ಹೋಗುತ್ತಾರೆ. ಘಟನೆ ಆ ರಾಜ್ಯದಲ್ಲಿ, ಮನೆ ಈ ರಾಜ್ಯದಲ್ಲಿ. ‘ಇದು ನಮ್ಮ ಸ್ಟೇಷನ್ನಿಗೆ ಬರುವುದಿಲ್ಲ’ ಎಂಬ ಮಾತು ಕೇಳಿ ತಿರುಗಿ ಬಂದ ತಾಯಿಯೊಬ್ಬರು ನಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಅತ್ತಿದ್ದಾರೆ. ಪೊಲೀಸರ ತನಿಖೆಯ ಕ್ರಮ ಹೇಳುವ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಆ ಮಾತಿಗೆ ಜಾಗವನ್ನೇ ಇಟ್ಟಿಲ್ಲ. ಅಪರಾಧ ಎಲ್ಲಿಯೇ ನಡೆದಿರಲಿ, ಹತ್ತಿರದ ಠಾಣೆಯಲ್ಲಿ ಬರೆದುಕೊಳ್ಳಬೇಕು, ಇಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. 2020ರಲ್ಲಿ ಕೊರೊನಾ ಹೊತ್ತಿಗೆ ತಲಪಾಡಿಯ ರಸ್ತೆ ಮುಚ್ಚಿ ರೋಗಿಗಳನ್ನೂ ತಡೆದರಲ್ಲ, ಆಗ ಕಂಡ ಗೋಡೆ ಕಾಗದದಲ್ಲಿ ಯಾವಾಗಲೂ ಇತ್ತು.

ಈಗ ನನ್ನ ಹಳೆಯ ಹಟಕ್ಕೆ ಬರುತ್ತೇನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ಹುಡುಗಿಯೊಬ್ಬಳು ನಮ್ಮ ಜಿಲ್ಲೆಯದೇ ಒಂದು ಕಾಲೇಜಿನ ಸಮಿತಿಯ ಮುಂದೆ ಇಂಗ್ಲಿಷಿನಲ್ಲಿ ದೂರು ಬರೆದುಕೊಡಬೇಕಾಯಿತು. ಆ ಕಾಗದ ನೋಡಿದೆ. ಆದದ್ದರಲ್ಲಿ ಕಾಲು ಭಾಗವೂ ಅದರಲ್ಲಿ ಇರಲಿಲ್ಲ. ಅದನ್ನೇ ಹಿಡಿದು ‘ಗಂಭೀರ ಸ್ವರೂಪದ್ದಲ್ಲ’ ಎಂದು ವರದಿಯಾಯಿತು. ಬರೆಯಲು ಆಗದವಳಿಗೆ ಸಮಿತಿಯವರೇ ನೆರವಾಗಬೇಕೆಂದು ಕಾನೂನಿದೆ. ಯಾವ ಅಧಿಕಾರಿಗಾದರೂ ದೇಶದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ನೇಮಿಸಿದಾಗ ನಾವು ಬೀದಿಗಿಳಿಯುತ್ತೇವೆ, ಅರ್ಜಿ ನಮೂನೆ ಮಲಯಾಳದಲ್ಲಷ್ಟೇ ಬಂದರೆ ಮನವಿ ಕೊಡುತ್ತೇವೆ. ಸಂತೋಷ. ಈ ಹುಡುಗಿಯ ದೂರಿನ ಭಾಷೆಗಾಗಿ ನಮ್ಮ ಯಾವ ಸಂಘ ಒಂದು ಪತ್ರಿಕಾ ಹೇಳಿಕೆ ಕೊಟ್ಟಿದೆ? ಸಮ್ಮೇಳನದ ಗೊತ್ತುವಳಿಗಳಲ್ಲಿ ಹುಡುಕಿ ನೋಡಿದೆ, ಸಿಗಲಿಲ್ಲ. ರಾಜಸ್ಥಾನದ ಕುಂಬಾರ ಹೆಣ್ಣುಮಗಳು ಭಂವರಿ ದೇವಿ 1992ರಲ್ಲಿ ತನಗಾದ ಅನ್ಯಾಯವನ್ನು ಮುಚ್ಚಿಡದೆ ಹೇಳಿದ್ದರಿಂದಲೇ ಕೆಲಸದ ಸ್ಥಳದ ಕಿರುಕುಳ ತಡೆಯಲು ಸುಪ್ರೀಂ ಕೋರ್ಟು ಕೊಟ್ಟ 1997ರ ವಿಶಾಖಾ ತೀರ್ಪು ಬಂತು, ಅದರಿಂದಲೇ ಇವತ್ತಿನ ಕಾನೂನು. ಹಳ್ಳಿಯ ಹೆಂಗಸೊಬ್ಬಳ ಬಾಯಿಂದ ಹೊರಟ ಕಾನೂನು ನಮ್ಮ ಕಾಲೇಜುಗಳ ನೋಟೀಸು ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಧೂಳು ತಿನ್ನುತ್ತಿದೆ.

ಮೊಮ್ಮಗಳನ್ನು ಕಳಿಸಿ, ಮಾಸ್ತರರೇ. ಅಡ್ಮಿಷನ್ ದಿನ ನೀವೂ ಜೊತೆಗೆ ಹೋಗಿ, ಫೀಸಿನ ಲೆಕ್ಕ ಕೇಳುವ ಕೌಂಟರಿನಲ್ಲೇ ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರು ಕೇಳಿ. ತಡವರಿಸಿದರೆ ನಿಮ್ಮ ಆ ದುಂಡಕ್ಷರದಲ್ಲೇ ಪ್ರಿನ್ಸಿಪಾಲರಿಗೊಂದು ಕಾಗದ ಬರೆಯಿರಿ, ಪ್ರತಿ ನಮಗೂ ಇರಲಿ. ಗಡಿಯ ಆಚೆ ಈಚೆಯ ಕಾಲೇಜುಗಳು ತಮ್ಮ ಸಮಿತಿಯ ವಿವರವನ್ನು ಕನ್ನಡದಲ್ಲಿ ಕಳಿಸಿಕೊಟ್ಟರೆ ಜಾಹೀರಾತಿನ ದರ ಕೇಳದೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ