ಹಳೆಯ ಪ್ಲಾಸ್ಮಾ ಟಿವಿ: ಮೊದಲು ಕಿಟಕಿ ಎಲ್ಲಿದೆ ನೋಡಿ

ಪಕ್ಕದ ಮನೆಯವರು ಊರು ಬಿಡುವಾಗ 50 ಇಂಚಿನ ಪ್ಲಾಸ್ಮಾ ಟಿವಿಯನ್ನು 6,000 ರೂಪಾಯಿಗೆ ಕೊಡುತ್ತಿದ್ದಾರೆ, ಕ್ರಿಕೆಟ್ ನೋಡಲು ತಗೋಬಹುದಾ ಎಂದು ಕೇಳಿದ್ದೀರಿ.

ಚಿತ್ರ ಮಾತ್ರ ಈಗಲೂ ಸೊಗಸು. ಎಲ್‌ಸಿಡಿಯಂತೆ ಹಿಂದೆ ದೀಪ ಇರುವುದಿಲ್ಲ. ಪುಟ್ಟ ಪುಟ್ಟ ಕೋಶಗಳೊಳಗಿನ ಅನಿಲಕ್ಕೆ ಕರೆಂಟ್ ಹರಿದು, ಅಲ್ಲಿನ ಫಾಸ್ಫರ್ ಎಂಬ ಲೇಪನ ತಾನೇ ಹೊಳೆಯುತ್ತದೆ. ಹಾಗಾಗಿ ಕಪ್ಪು ನಿಜಕ್ಕೂ ಕಪ್ಪಾಗಿ ಕಾಣುತ್ತದೆ, ಓಡುವ ಚೆಂಡು ಅಷ್ಟಾಗಿ ಮಸುಕಾಗುವುದಿಲ್ಲ, ಪಕ್ಕದಲ್ಲಿ ಕೂತವರಿಗೂ ಬಣ್ಣ ಕೆಡುವುದಿಲ್ಲ.

ಆದರೆ ಮುಂಭಾಗ ಗಾಜು. ಎದುರಿಗೆ ಕಿಟಕಿ ಇದ್ದರೆ ಹಗಲಿನ ಮ್ಯಾಚ್‌ನಲ್ಲಿ ಬ್ಯಾಟ್ಸ್‌ಮನ್‌ಗಿಂತ ನಿಮ್ಮ ಮನೆ ಕರ್ಟನ್ನೇ ಜಾಸ್ತಿ ಕಾಣುತ್ತದೆ! ತೂಕ, ಬಿಸಿ, ಕರೆಂಟ್ ಬಿಲ್ಲೂ ಜಾಸ್ತಿ.

ನಮ್ಮ ಮನೆಯಲ್ಲಿ ಅಪ್ಪ ದಿನವಿಡೀ ಒಂದೇ ನ್ಯೂಸ್ ಚಾನೆಲ್ ಹಾಕಿ, ಅದರ ಲೋಗೋ ಪರದೆ ಮೇಲೆ ಅಚ್ಚೊತ್ತಿಬಿಟ್ಟಿತ್ತು. ಸಿನಿಮಾದಲ್ಲೂ ಅದೇ ಲೋಗೋ. ನೀವು ನೋಡಲು ಹೋದಾಗ ಪೂರ್ತಿ ಬಿಳಿ ಚಿತ್ರ ಹಾಕಿಸಿ, ಮೂಲೆಗಳನ್ನು ಗಮನಿಸಿ. ಕಲೆ ಇದ್ದರೆ ಬೇಡ.

ಪ್ಯಾನಾಸೋನಿಕ್ 2013ರಲ್ಲಿ, ಸ್ಯಾಮ್‌ಸಂಗ್, ಎಲ್‌ಜಿ 2014ರಲ್ಲಿ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿದವು. ಪ್ಯಾನೆಲ್ ಹೋದರೆ ಟಿವಿ ಗುಜರಿಗೇ, ಅಲ್ವಾ? ಕತ್ತಲ ಕೋಣೆ ಇದ್ದು, ಅವರು 3,000ಕ್ಕೆ ಇಳಿದರೆ ನಾನಾದರೆ ತಗೋತೀನಿ. ಹಾಂ, ಸಾಗಿಸುವಾಗ ಮಲಗಿಸಬೇಡಿ, ನಿಲ್ಲಿಸಿಯೇ ತನ್ನಿ.