ವಪೆಯ ತೂತಿಗೆ ಹೊಲಿಗೆ ಸಾಕೇ, ಮೆಶ್ ಬೇಕೇ?

ಪ್ರಶ್ನೆ: ಕುರಿ ಸಾಕಿಕೊಂಡಿರುವ ನನ್ನ ಚಿಕ್ಕಪ್ಪನವರಿಗೆ ಕೆಲವು ತಿಂಗಳಿಂದ ಬಲಪಕ್ಕೆಯಲ್ಲಿ ನೋವು ಮತ್ತು ಕೆಮ್ಮು ಇತ್ತು. ಈಚೆಗೆ ಹಳದಿ ಬಣ್ಣದ, ವಿಪರೀತ ಕಹಿಯಾದ ಕಫ ಬರುತ್ತಿದೆ. ಹಾಸನದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ, ಲಿವರಿನಲ್ಲಿರುವ ಹೈಡಾಟಿಡ್ ಗುಳ್ಳೆಯು (ಲಾಡಿಹುಳುವಿನ ಮರಿಯಿಂದಾಗುವ ನೀರುಗುಳ್ಳೆ) ವಪೆಯನ್ನು, ಎಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯನ್ನು, ತೂತು ಮಾಡಿಕೊಂಡು ಎದೆಗೂಡನ್ನು ಸೇರಿದೆ ಎಂದರು. ಮಾತ್ರೆಯಲ್ಲೇ ವಾಸಿಯಾಗದೇ? ಆಪರೇಷನ್ ಆದರೆ ಮೆಶ್ (ಕೃತಕ ಬಲೆಯ ತೇಪೆ) ಹಾಕಲೇಬೇಕೇ?
– ಓದುಗರೊಬ್ಬರು, ಕಡೂರು ತಾಲ್ಲೂಕು

ಉತ್ತರ: ಕಫ ಕಹಿಯೆಂಬುದನ್ನು ನೀವು ಗಮನಿಸಿ ಬರೆದದ್ದು ಒಳ್ಳೆಯದಾಯಿತು, ಪಿತ್ತರಸವು ಶ್ವಾಸನಾಳದವರೆಗೆ ದಾರಿ ಮಾಡಿಕೊಂಡಿದೆ ಎಂಬುದನ್ನು ಅದು ಸೂಚಿಸುತ್ತದೆ. ಈ ಹಂತದಲ್ಲಿ ಆಲ್ಬೆಂಡಜೋಲ್ ಎಂಬ ಜಂತುನಾಶಕ ಮಾತ್ರೆಯೊಂದರಿಂದಲೇ ವಾಸಿಯಾಗುವುದಿಲ್ಲ. ದಯವಿಟ್ಟು ಆಪರೇಷನ್ನನ್ನು ಮುಂದೂಡಬೇಡಿ.

ಲಿವರಿನ ನೆತ್ತಿಯ ಹಿಂಭಾಗ ವಪೆಗೆ ಅಂಟಿಕೊಂಡೇ ಇರುವುದರಿಂದ, ಅಲ್ಲಿ ಬೆಳೆದ ಗುಳ್ಳೆಯು ವರ್ಷಗಟ್ಟಲೆ ಒತ್ತಿ ಒತ್ತಿ ವಪೆಯನ್ನು ತೆಳುವಾಗಿಸಿ ಕೊನೆಗೆ ಕೊರೆದುಬಿಡುತ್ತದೆ. ಶಸ್ತ್ರವೈದ್ಯರು ಸಾಮಾನ್ಯವಾಗಿ ಬಲ ಎದೆಯ ಪಕ್ಕೆಲುಬುಗಳ ನಡುವೆ ಕೊಯ್ದು, ಸುತ್ತಲೂ ಶೇ. 20ರ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಹಾಸಿ, ಗುಳ್ಳೆಯ ನೀರನ್ನೂ ಒಳಗಿನ ಬಿಳಿ ಪೊರೆಯನ್ನೂ ಮರಿಗುಳ್ಳೆಗಳನ್ನೂ ತೆಗೆಯುತ್ತಾರೆ. ಆ ನೀರಿನ ಒಂದು ಹನಿ ಹೊರಗೆ ಚೆಲ್ಲಿದರೂ ಹೊಸ ಗುಳ್ಳೆಗಳು ಹುಟ್ಟಬಹುದು. ತೀವ್ರ ಅಲರ್ಜಿಯಿಂದ ರಕ್ತದೊತ್ತಡ ಕುಸಿಯಲೂಬಹುದು. ಶ್ವಾಸಕೋಶದ ಕೆಟ್ಟ ಭಾಗವನ್ನು ತೆಗೆದು ಶ್ವಾಸನಾಳದ ಬಾಯಿಯನ್ನೂ, ಲಿವರಿನ ಕುಳಿಯೊಳಗೆ ತೆರೆದುಕೊಂಡಿರುವ ಪಿತ್ತನಾಳಗಳ ಬಾಯಿಗಳನ್ನೂ ಹೊಲಿಯುತ್ತಾರೆ.

ವಪೆಯ ಸರದಿ ಬರುವುದು ಇದೆಲ್ಲ ಆದ ಮೇಲೆ. ತೂತಿನ ಅಂಚಿನಲ್ಲಿರುವ ಗಡುಸಾದ, ಸತ್ತ ಭಾಗವನ್ನು ಕತ್ತರಿಸಿ, ರಕ್ತ ಒಸರುವ ಜೀವಂತ ಸ್ನಾಯು ಕಾಣಿಸಿದ ಬಳಿಕ ಕರಗದ ದಾರದಿಂದ ಬಿಡಿಬಿಡಿಯಾಗಿ ಹೊಲಿಗೆ ಹಾಕುತ್ತಾರೆ. ವಪೆ ಹಿಗ್ಗುವ ಸ್ನಾಯುವಾದ್ದರಿಂದ ಹೆಚ್ಚಿನವರಿಗೆ ಇಷ್ಟೇ ಸಾಕಾಗುತ್ತದೆ. ಎಳೆದು ಕೂಡಿಸಲಾಗದಷ್ಟು ದೊಡ್ಡ ತೂತಾದರೆ ಮಾತ್ರ ತೇಪೆಯ ಪ್ರಶ್ನೆ. ಆದರೆ ಪಿತ್ತರಸವೂ ಕೀವೂ ಇರುವ ಜಾಗದಲ್ಲಿ ಮೆಶ್‌ಗೆ ಸೋಂಕು ತಗಲಿದರೆ ಅದನ್ನು ಹೊರತೆಗೆಯಬೇಕಾಗಿ ಬರಬಹುದು. ಆದ್ದರಿಂದ ಅಂಥ ಕಡೆ ರೋಗಿಯದೇ ತೊಡೆಯ ಬಿಗಿಪೊರೆಯನ್ನೋ ಬೆನ್ನಿನ ಸ್ನಾಯುವನ್ನೋ ಬಳಸುವುದು ಮೇಲೆಂಬುದು ನನ್ನ ಅಭಿಪ್ರಾಯ.

ವಾಸ್ತವವಾಗಿ ನೀವು ವೈದ್ಯರನ್ನು ಕೇಳಬೇಕಾದುದು ಮೆಶ್ ಬಗ್ಗೆಗಿಂತ ಪಿತ್ತರಸದ ಬಗ್ಗೆ. ಪಿತ್ತನಾಳದ ಕೆಳತುದಿಯಲ್ಲಿ ಗುಳ್ಳೆಯ ಚೂರುಗಳು ಸಿಕ್ಕಿಕೊಂಡು ತಡೆಯಾಗಿದ್ದರೆ, ಎಷ್ಟೇ ಚೆನ್ನಾಗಿ ಹೊಲಿದರೂ ಪಿತ್ತ ಮತ್ತೆ ಮೇಲಕ್ಕೇ ನುಗ್ಗಿ ಹೊಲಿಗೆಯನ್ನು ಬಿಡಿಸುತ್ತದೆ. ಇ.ಆರ್.ಸಿ.ಪಿ. ಎಂಬ ಎಂಡೋಸ್ಕೋಪಿ ವಿಧಾನದಿಂದ ಆ ತಡೆಯನ್ನು ತೆಗೆಯಬಹುದು.

ಆಪರೇಷನ್ನಿಗೆ ಮುಂಚೆಯೂ ನಂತರ ಕೆಲವು ತಿಂಗಳೂ ಆಲ್ಬೆಂಡಜೋಲ್ ಕೊಡುತ್ತಾರೆ. ಆ ಅವಧಿಯಲ್ಲಿ ರಕ್ತಕಣಗಳ ಮತ್ತು ಲಿವರಿನ ಪರೀಕ್ಷೆಯನ್ನು ತಪ್ಪಿಸಬಾರದು. ರೋಗಿಯಿಂದ ಮನೆಯವರಿಗೆ ಇದು ಹರಡುವುದಿಲ್ಲ. ಲಾಡಿಹುಳುವಿನ ಮೊಟ್ಟೆ ಬರುವುದು ನಾಯಿಯ ಮಲದಿಂದ. ಕುರಿ ಕೊಯ್ದಾಗ ಗುಳ್ಳೆಯಿರುವ ಲಿವರನ್ನು ನಾಯಿಗೆ ಹಾಕದೆ ಆಳವಾಗಿ ಹೂಳಿಸಿ, ಮಂದೆಯ ನಾಯಿಗಳಿಗೆ ಪಶುವೈದ್ಯರಿಂದ ಪ್ರಾಜಿಕ್ವಾಂಟೆಲ್ ಎಂಬ ಜಂತುನಾಶಕ ಕೊಡಿಸಿ, ಮಂದೆಯೊಡನೆ ಓಡಾಡುವ ಮನೆಮಂದಿಗೆಲ್ಲ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ.